ಡ್ಯಾಶ್‌ಬೋರ್ಡಿನ ತೂತು ಮತ್ತು ಮಸ್ಕಿ ರಸ್ತೆ

ಸಿಂಧನೂರಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗೋ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಕ್ರೂಸರ್ ಇರಲಿ, ಟಂಟಂ ಇರಲಿ, ಭತ್ತ ಹೇರಿದ ಟ್ರ್ಯಾಕ್ಟರ್ ಇರಲಿ, ಈ ಹಾದೀಲಿ ಹಾಡಿಲ್ಲದ ಗಾಡಿ ಅಪರೂಪ. ಹೊರಗಿನವರಿಗೆ ಮಸ್ಕಿ ಅಂದ್ರೆ ಅಶೋಕ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಂಡ ಶಾಸನ. ನಾನು ಹೇಳಹೊರಟ ಇತಿಹಾಸ ಅಷ್ಟು ಹಳೇದಲ್ಲ ಬಿಡಿ, ಕಾರ್ ಸ್ಟಿರಿಯೋದ್ದು.

ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಕಾರಿಗೆ ರೇಡಿಯೋ ಕೂರಿಸಿ ಅದಕ್ಕೆ ಮೊಟೊರೋಲಾ ಅಂತ ಹೆಸರಿಟ್ಟರು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ ಬಂತು. ಆದ್ರೆ ನಮ್ಮೂರ ಕಡೆಗೆ ಉಪಕಾರ ಮಾಡಿದ್ದು ಇವೆರಡಕ್ಕಿಂತ ಒಂದು ಅಳತೆ: ಅಗಲ 180 ಮಿ.ಮೀ., ಎತ್ತರ 50 ಮಿ.ಮೀ. ಜರ್ಮನರ ಈ 'ಡಿನ್' ಅಳತೆ 1984ರಲ್ಲಿ ಐಎಸ್‌ಒ 7736 ಅನ್ನೋ ಅಂತಾರಾಷ್ಟ್ರೀಯ ಮಾನದಂಡವೂ ಆಯ್ತು. ಬೇಸ್ ಮಾಡೆಲ್ ಮಾರುತಿ 800 ತಗೊಂಡವರು ಆ ತೂತಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಕಿಸೆಗೆ ತಕ್ಕ ಯಾವ ಕಂಪನಿಯ ಸೆಟ್ ಬೇಕಾದ್ರೂ ಕೂರಿಸಬಹುದಿತ್ತು. ಹಳದಿ ವೈರ್ ನೇರ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಬಾಡಿಗೆ. ಹಳದಿ ಕೊಡದಿದ್ರೆ ಗಾಡಿ ಆಫ್ ಮಾಡಿದಾಗೆಲ್ಲ ಸ್ಟೇಷನ್ ಮರೆತುಹೋಗತ್ತೆ. ಇಷ್ಟೇ ವಿದ್ಯೆ!

ಕೊಳ್ಳುವಾಗ ಎಲ್ಲರೂ ನೋಡೋದು ಮುಖದ ಮೇಲೆ ಬರೆದಿರೋ '50 ವ್ಯಾಟ್ x 4'. ಸ್ವಲ್ಪ ಲೆಕ್ಕ ಹಾಕೋಣ. ಎಂಜಿನ್ ಓಡುವಾಗ ವೋಲ್ಟೇಜ್ ಸುಮಾರು 14.4. ಸ್ಪೀಕರ್ 4 ಓಮ್. ಒಳಗಿನ ಚಿಪ್ ಶಬ್ದ ಒಡೆಯದಂತೆ ಕೊಡಬಲ್ಲದ್ದು, 14.4ರ ವರ್ಗವನ್ನ 8ರಿಂದ ಭಾಗಿಸಿದ್ರೆ, ಹೆಚ್ಚಂದ್ರೆ 26 ವ್ಯಾಟ್. ವಾಸ್ತವದಲ್ಲಿ ಇನ್ನೂ ಕಡಿಮೆ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ ಇದನ್ನ ದಾಟೋದು ಯಾವ ಬ್ರ್ಯಾಂಡಿಗೂ ಕಷ್ಟ. ಹಾಗಾಗಿ ಸೆಟ್ಟಿನಲ್ಲಿ ಉಳಿಸಿದ ದುಡ್ಡನ್ನ ಸ್ಪೀಕರಿಗೆ ಹಾಕೋದೇ ಜಾಣತನ ಅಂತ ನನ್ನ ಅಭಿಪ್ರಾಯ.

ಆದ್ರೆ ಇಲ್ಲಿ ಯಾವುದು ಬಾಳಬೇಕು ಅಂತ ತೀರ್ಮಾನ ಮಾಡಿದ್ದು ರಸ್ತೆ, ಬಿಸಿಲು, ಎರೆಮಣ್ಣಿನ ಧೂಳು. ಸಿ.ಡಿ. ಪ್ಲೇಯರಿನ ಲೇಸರ್ ಕಣ್ಣು ಪ್ರತಿ ಗುಂಡಿಗೂ ಎಗರತ್ತೆ. ಕಾಲುವೆ ದಂಡೆಯ ದಾರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಕ್ಯಾಸೆಟ್ ಹಾಗಲ್ಲ, ಕುಲುಕಿದ್ರೂ ಹಾಡತ್ತೆ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ರೆ ಮಾತ್ರ ಸೊಟ್ಟಗಾಗತ್ತೆ. ಆಮೇಲೆ ಪೆನ್‌ಡ್ರೈವ್ ಬಂತು. ತಿರುಗೋ ಭಾಗವೇ ಇಲ್ಲ, ಧೂಳಿಗೂ ಗುಂಡಿಗೂ ಅಂಜೋದಿಲ್ಲ! ಮೊಬೈಲ್ ಅಂಗಡಿಯವರು ದುಡ್ಡು ತಗೊಂಡು ನೂರಾರು ಹಾಡು ತುಂಬಿಕೊಡ್ತಿದ್ರು.

ನನಗೆ ಸಂಕಟ ಆಗೋದು ಇಲ್ಲೇ. ಅಂಗಡಿಯವರು ತುಂಬಿದ್ದು ಹೆಚ್ಚಾಗಿ ಸಿನಿಮಾ ಹಾಡು. ಕ್ಯಾಸೆಟ್ಟಿನಲ್ಲಿದ್ದ ಮೊಹರಂ ರಿವಾಯತ್ ಪದಗಳು, ತತ್ವಪದ, ಊರಿನ ಬಯಲಾಟದ ಎದುರು ಟೇಪ್‌ರೆಕಾರ್ಡರ್ ಇಟ್ಟು ಯಾರೋ ತುಂಬಿಕೊಂಡ ರಾತ್ರಿಗಳು... ಇವಕ್ಕೆ ಎರಡನೇ ಪ್ರತಿ ಇರೋದೇ ಅನುಮಾನ. ಟೇಪ್ ಸೆಟ್ ಕಿತ್ತು ಯು.ಎಸ್.ಬಿ. ಸೆಟ್ ಹಾಕಿದ ದಿನ ಆ ಕ್ಯಾಸೆಟ್‌ಗಳಿಗೆ ಬಾಯಿ ಹೋಯ್ತು. ಸಿನಿಮಾ ಹಾಡು ಎಲ್ಲಿಗೂ ಹೋಗಲ್ಲ. ಮಸ್ಕಿ ಪಕ್ಕದ ಹಳ್ಳಿಯ ಹೆಜ್ಜೆಮೇಳದವರ ದನಿ ಹೋಗತ್ತೆ.

ಈಗಿನ ಹಲವು ಕಾರುಗಳಲ್ಲಿ ಆ ತೂತೂ ಇಲ್ಲ, ಟಚ್ ಸ್ಕ್ರೀನ್ ಡ್ಯಾಶ್‌ಬೋರ್ಡಿಗೇ ಬೆಸೆದುಕೊಂಡಿದೆ.

ನಿಮ್ಮ ಅಟ್ಟದ ಮೇಲೆ ಅಂಥ ಕ್ಯಾಸೆಟ್ ಇದ್ರೆ ಕಾರಿನ ಹಳೇ ಸೆಟ್ಟಿಗೆ ಹಾಕಬೇಡಿ, ಒಣಗಿದ ರಬ್ಬರ್ ರೋಲರ್ ಟೇಪನ್ನ ನುಂಗತ್ತೆ. ಮನೆಯ ಒಳ್ಳೆ ಡೆಕ್ ಹುಡುಕಿ. ಹೆಡ್ಡನ್ನ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಟೇಪನ್ನ ಒಮ್ಮೆ ಪೂರ್ತಿ ಮುಂದೆ ಹಿಂದೆ ಸುತ್ತಿ, ಲೈನ್ ಔಟ್‌ನಿಂದ ಕಂಪ್ಯೂಟರಿಗೆ ತಗೊಳ್ಳಿ. ಎಂ.ಪಿ.3 ಆಮೇಲೆ ಮಾಡಿದ್ರಾಯ್ತು, ಮೊದಲು ವೇವ್ ಫೈಲ್ ಉಳಿಸಿ. ಮೇಲಿನ ಚೀಟಿಯಲ್ಲಿ ಊರು, ಮೇಳದ ಹೆಸರು ಬರೆದಿದ್ರೆ ಅದರ ಫೋಟೋನೂ ತೆಗೆದಿಡಿ.