ಬಡಾವಣೆಯ ಸಣ್ಣ ವ್ಯಾಪಾರ ಮತ್ತು ಅದರ ಪೋಷಣೆ: ಹೊಸಪೇಟೆ–ಚಿತ್ತವಾಡ್ಗಿ ಪ್ರದೇಶ

ಚಿತ್ತವಾಡ್ಗಿ ವಿಜಯನಗರ ಜಿಲ್ಲೆಯ ಹೊಸಪೇಟೆಗೆ ಸೇರಿದ ಹಳೆಯ ಬಡಾವಣೆ. ಕಬ್ಬಿನ ಗದ್ದೆಗಳ ಅಂಚಿನಲ್ಲಿ ಬೆಳೆದ ಇಂಥ ಬಡಾವಣೆಗಳ ದಿನದ ಬದುಕು ನಡೆಯುವುದು ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಟೈಲರ್ ಅಂಗಡಿ, ತರಕಾರಿ ಬುಟ್ಟಿ, ಒಗ್ಗಾಣಿ–ಮಿರ್ಚಿ ಬಂಡಿಗಳ ಆಸರೆಯಲ್ಲಿ. ಇವನ್ನು ಬೆಳೆಸುವ ಮಾತು ಬಂದಾಗಲೆಲ್ಲ ಇಂದು ಮೊದಲು ಕೇಳಿಬರುವುದು ಸಾಲ. ಆದರೆ ಈ ಪ್ರದೇಶದ ಐನೂರು ವರ್ಷಗಳ ದಾಖಲೆ ಬೇರೆಯದನ್ನೇ ಹೇಳುತ್ತದೆ. ಸಣ್ಣ ವ್ಯಾಪಾರ ಚಿಗುರಿದ್ದು ಕೂರಲು ಖಚಿತವಾದ ಜಾಗ ಸಿಕ್ಕಲ್ಲಿ, ಬೇರೂರುವವರೆಗೆ ತೆರಿಗೆಯವರು ಕಾದಲ್ಲಿ. ಜಾಗ ಕೈತಪ್ಪಿದಲ್ಲಿ ಬೇರೆ ಯಾವ ಸಹಾಯವೂ ವ್ಯಾಪಾರವನ್ನು ಉಳಿಸಿಲ್ಲ.

ಹೊಸಪೇಟೆ ಹುಟ್ಟಿದ್ದೇ ಪೇಟೆಯಾಗಿ. ಕೃಷ್ಣದೇವರಾಯ 16ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಊರಿಗೆ ನಾಗಲಾಪುರ, ತಿರುಮಲದೇವಿ ಪಟ್ಟಣ ಎಂಬ ಹೆಸರುಗಳೂ ಇದ್ದವು. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹೊಸ ಊರಿನಿಂದ ರಾಜಧಾನಿ ವಿಜಯನಗರದವರೆಗೆ (ಇಂದಿನ ಹಂಪಿ) ಸಾಗುವ ಅಗಲವಾದ ಬೀದಿಯನ್ನು ವರ್ಣಿಸಿದ್ದಾನೆ. ಅದರ ಎರಡೂ ಬದಿಗೆ ಮನೆಗಳು, ಎಲ್ಲ ಬಗೆಯ ಸರಕು ಮಾರುವ ಅಂಗಡಿಗಳು. ದಾರಿಹೋಕರಿಗೆ ನೆರಳಾಗಲೆಂದು ರಾಜಾಜ್ಞೆಯಂತೆ ನೆಟ್ಟ ಮರಗಳ ಸಾಲನ್ನೂ ಅವನು ಗಮನಿಸಿದ್ದಾನೆ. ವ್ಯಾಪಾರಕ್ಕೆ ನೆರಳು ಎಷ್ಟು ಮುಖ್ಯ ಎಂಬುದು ಬಳ್ಳಾರಿ ಸೀಮೆಯ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ನೆರಳಿದ್ದಲ್ಲಿ ಗಿರಾಕಿ ನಿಲ್ಲುತ್ತಾನೆ, ನಿಂತವನು ಕೊಳ್ಳುತ್ತಾನೆ. ರಾಜಧಾನಿಯ ಒಂದೊಂದು ಭಾಗದಲ್ಲಿ ಒಂದೊಂದು ದಿನ ಸಂತೆ ಕೂಡುತ್ತಿತ್ತು ಎಂದೂ ಪಾಯಸ್ ಬರೆಯುತ್ತಾನೆ. ಶುಕ್ರವಾರದ ಸಂತೆಗೆ ಕೋಳಿ, ಹಂದಿ, ಕಡಲ ತೀರದ ಒಣಮೀನು ಬರುತ್ತಿದ್ದವು. ಮಾರುಕಟ್ಟೆಯನ್ನು ಒಂದೇ ಕಡೆ ಗುಡ್ಡೆ ಹಾಕದೆ ಕೇರಿಕೇರಿಗೆ ಹಂಚಿದ ಈ ಏರ್ಪಾಡಿನಲ್ಲಿ ಸಣ್ಣ ಮಾರಾಟಗಾರನ ಹಿತ ಅಡಗಿತ್ತು: ಎಂದು, ಎಲ್ಲಿ ಗಿರಾಕಿ ಸಿಗುತ್ತಾರೆಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು.

ತೆರಿಗೆಯ ವಿಷಯದಲ್ಲಿ ಇನ್ನೊಬ್ಬ ಪೋರ್ಚುಗೀಸ್ ಲೇಖಕ ಫೆರ್ನಾವ್ ನೂನಿಜ್ ಕೊಡುವ ವಿವರ ಬೆಲೆಯುಳ್ಳದ್ದು. ರಾಯ ಕಟ್ಟಿಸಿದ ದೊಡ್ಡ ಕೆರೆಯ ನೀರು ಹರಿಯುವ ಜಮೀನುಗಳನ್ನು, ಜನ ಅವನ್ನು ಹದಕ್ಕೆ ತಂದುಕೊಳ್ಳಲೆಂದು, ಒಂಬತ್ತು ವರ್ಷ ಕಂದಾಯವಿಲ್ಲದೆ ಕೊಡಲಾಯಿತು. ಮುಂದೆ ಅದೇ ನೆಲದಿಂದ 20,000 ಪರ್ದಾವ್ (ಅಂದಿನ ಚಿನ್ನದ ನಾಣ್ಯ) ಹುಟ್ಟುವಳಿ ಬರತೊಡಗಿತು. ಇದು ಬೇಸಾಯದ ನೆಲದ ಮಾತು, ನಿಜ. ಆದರೆ ವಿಜಯನಗರ ಕಾಲದಲ್ಲಿ ಹೊಸ ಪೇಟೆ, ಸಂತೆ ಕಟ್ಟುವಾಗಲೂ ಇದೇ ನೀತಿ ನಡೆಯಿತು. ನೆಲೆಸಲು ಬಂದ ವ್ಯಾಪಾರಿ, ನೇಕಾರರಿಗೆ ಕೆಲವು ವರ್ಷ ತೆರಿಗೆ ವಿನಾಯಿತಿ ಸಿಗುತ್ತಿತ್ತು, ಪೇಟೆ ಕೂಡಿಸಿದ ಪಟ್ಟಣಸ್ವಾಮಿಗೆ ಮಾನ್ಯದ ಜಮೀನು ಸಿಗುತ್ತಿತ್ತು. ಇದನ್ನು ದೊರೆಯ ಔದಾರ್ಯ ಎಂದಷ್ಟೇ ಓದಿದರೆ ತಪ್ಪಾಗುತ್ತದೆ. ಬೊಕ್ಕಸ ತುಂಬಬೇಕೆಂದರೆ ಮೊದಲು ಜನ ನೆಲೆ ನಿಲ್ಲಬೇಕೆಂಬ ಆಡಳಿತದ ಲೆಕ್ಕ ಅದರ ಹಿಂದಿತ್ತು.

1565ರ ಬಳಿಕ ರಾಜಧಾನಿ ಹಾಳಾದರೂ ಹೊಸಪೇಟೆ ಉಳಿಯಿತು. ಬಸವಣ್ಣ ಕಾಲುವೆ, ರಾಯ ಕಾಲುವೆಗಳ ನೀರು ನಿಲ್ಲಲಿಲ್ಲ. ಕಬ್ಬು, ಬಾಳೆ, ಬೆಲ್ಲದ ವಹಿವಾಟು ಊರನ್ನು ಸಲಹಿತು. 1930ರ ದಶಕದಲ್ಲಿ ಚಿತ್ತವಾಡ್ಗಿ ಭಾಗದಲ್ಲಿ ಐಎಸ್‌ಆರ್ ಎಂದೇ ಹೆಸರಾದ ಸಕ್ಕರೆ ಕಾರ್ಖಾನೆ ಬಂತು, 1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಬಡಾವಣೆಯ ಅಂಗಡಿ ನಡೆಯುವುದು ದೊಡ್ಡ ಕೆಲಸಗಳಿಂದ ಬರುವ ಕೂಲಿಯ ಮೇಲೆ. ಕೂಲಿಯ ಹಣ ಇಲ್ಲದಿದ್ದರೆ ಜಾಗ ಕೊಟ್ಟು ಏನು ಫಲ? ಆಕ್ಷೇಪದಲ್ಲಿ ಹುರುಳಿದೆ. ಕಬ್ಬಿನ ಬಟವಾಡೆ ತಡವಾದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಮನೆಯವರು ಅಕ್ಕಿ, ಎಣ್ಣೆ, ಸೋಪು ಬರೆಸಿ ಒಯ್ಯುತ್ತಾರೆ, ಅಂಗಡಿಯವರು ತಮ್ಮ ಹೋಲ್‌ಸೇಲ್ ಬಾಕಿಯನ್ನು ಮುಂದೂಡುತ್ತಾ ದಿನ ತಳ್ಳುತ್ತಾರೆ. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕಬ್ಬು ಬೇರೆ ಊರುಗಳ ದಾರಿ ಹಿಡಿಯಿತು. ಕಾರ್ಖಾನೆಯನ್ನು ನೆಚ್ಚಿದ್ದ ಚಹಾದಂಗಡಿ, ಖಾನಾವಳಿಗಳಿಗೆ ಪೆಟ್ಟು ಬಿತ್ತು. ಆದರೆ ಇದೇ ಸಂಗತಿಯನ್ನು ಮಗ್ಗುಲು ಬದಲಿಸಿ ನೋಡಬೇಕು. ಕೂಲಿ ನಿಂತ ತಿಂಗಳುಗಳಲ್ಲಿ ಒಂದು ಕೇರಿಯನ್ನು ಹೊತ್ತು ನಿಲ್ಲಿಸುವುದು ಆ ಉದ್ರಿ ಪುಸ್ತಕವೇ. ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದು ಜನರ ಮುಖ ಬಲ್ಲ ಅಂಗಡಿ ಮಾತ್ರ ಉದ್ರಿ ಕೊಡಬಲ್ಲದು. ನಾಳೆ ಎತ್ತಂಗಡಿಯಾಗುವ ಬಂಡಿಗೆ ಆ ಧೈರ್ಯ ಬರುವುದಿಲ್ಲ.

2011ರ ಜುಲೈ 29 ಈ ಸೀಮೆಯ ಸಣ್ಣ ವ್ಯಾಪಾರದ ಚರಿತ್ರೆಯಲ್ಲಿ ಮರೆಯಲಾಗದ ದಿನ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ಅಂದು ತಡೆಹಿಡಿಯಿತು. ಸಂಡೂರು–ಹೊಸಪೇಟೆ ದಾರಿಯ ಲಾರಿಗಳನ್ನು ನಂಬಿದ್ದ ಪಂಕ್ಚರ್ ಅಂಗಡಿ, ಧಾಬಾಗಳಿಗೆ ದುಡಿಮೆ ಇಲ್ಲದಾಯಿತು. ಅದೇ ದಿನ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಬುಲ್ಡೋಜರ್‌ಗಳು ಇಳಿದವು. ಕಲ್ಲಿನ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು, ಮುಂದೆ ತೆಂಗಿನಕಾಯಿ, ಕುಂಕುಮ, ಬಟ್ಟೆ, ಪುಸ್ತಕ ಮಾರುತ್ತಾ ಹಿಂದೆಯೇ ಸಂಸಾರ ಹೂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆ ತೆರವಿಗೆ ಸಿಕ್ಕವು. ಪುನರ್ವಸತಿಗೆ ತೋರಿಸಿದ್ದು ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರ. ಗಣಿ ತಡೆಗೆ ಕಾರಣ ಸ್ಪಷ್ಟವಿತ್ತು, ಅದು ನ್ಯಾಯವೂ ಆಗಿತ್ತು. ಬಜಾರಿನ ತೆರವಿಗೂ ವಾದವಿಲ್ಲದಿಲ್ಲ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತ್ತು. ಸಿಮೆಂಟಿನ ಗೋಡೆಗಳಿಂದ ಮಂಟಪಗಳಿಗೆ ಧಕ್ಕೆಯಾಗುತ್ತಿದ್ದುದು ಸುಳ್ಳಲ್ಲ. ಗೋಡೆ ತೆಗೆಸುವುದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಆದರೆ ಆ ಮಂಟಪಗಳನ್ನು ಕಟ್ಟಿದ್ದೇ ಬಜಾರಿಗಾಗಿ. ವ್ಯಾಪಾರವನ್ನು ನಿಯಮಕ್ಕೆ ಒಳಪಡಿಸಿ ಅಲ್ಲೇ ಉಳಿಸಿಕೊಳ್ಳುವ ದಾರಿ ಇತ್ತು. ಅದು ಆಗದ ಮಾತೆಂದೇ ಇಟ್ಟುಕೊಂಡರೂ, ಯಾತ್ರಿಕರ ಹೆಜ್ಜೆ ಬೀಳುವ ಹೊಸ ಜಾಗ ಸಿದ್ಧವಾದ ಮೇಲೆ ಎಬ್ಬಿಸುವುದು ಕನಿಷ್ಠ ಧರ್ಮವಾಗಿತ್ತು. ತೇರು ಎಳೆಯುವ ಬೀದಿಯಿಂದ ದೂರ ಹೋದ ತೆಂಗಿನಕಾಯಿ ಅಂಗಡಿಗೆ ಯಾವ ಪರಿಹಾರಧನವೂ ಗಿರಾಕಿಯನ್ನು ತಂದುಕೊಡುವುದಿಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಈ ಪಾಠವನ್ನು ದೇಶದ ಮಟ್ಟದಲ್ಲಿ ಬರಹಕ್ಕಿಳಿಸಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು ಇರಬೇಕು. ನಂತರ ಬಂದವು ಸಾಲದ ಯೋಜನೆಗಳು: ರಾಜ್ಯದ ಬಡವರ ಬಂಧು 2018ರಲ್ಲಿ, ಕೇಂದ್ರದ ಪಿಎಂ ಸ್ವನಿಧಿ 2020ರ ಜೂನ್‌ನಲ್ಲಿ. ಸ್ವನಿಧಿಯ ಮೊದಲ ಕಂತಿನ ಸಾಲ ಆಗ 10,000 ರೂಪಾಯಿ ಇತ್ತು. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆಗೆ ಸಾವಿರ ವಸೂಲಿ ಮಾಡುವ ಬಡ್ಡಿಯವರ ಹಿಡಿತದಲ್ಲಿದ್ದ ತರಕಾರಿ ಮಾರುವವರಿಗೆ ಇವು ದೊಡ್ಡ ಬಿಡುಗಡೆ, ಇದನ್ನು ಮನಸಾರೆ ಒಪ್ಪಬೇಕು. ಆದರೂ ಸಾಲದ ದುಡ್ಡಿನಲ್ಲಿ ತಂದ ಸರಕು ಕೊಳೆಯದೆ ಮಾರಾಟವಾಗಲು ನಾಳೆಯೂ ಅದೇ ಮೂಲೆಯಲ್ಲಿ ಕೂರುವ ಖಾತರಿ ಬೇಕು. ಸಾಲವಷ್ಟೇ ಸಿಕ್ಕಿ ಜಾಗ ಸಿಗದಿದ್ದರೆ ಉಳಿಯುವುದು ಕಂತು ಮಾತ್ರ.

ತೆರಿಗೆ ತಪ್ಪಿಸಿಕೊಳ್ಳುವವರಿಗೆ ರಕ್ಷಣೆ ಯಾಕೆ ಎಂದು ಕೇಳುವವರಿದ್ದಾರೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಈ ಪ್ರಶ್ನೆ ಜೋರಾಯಿತು. ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕೆಳಗಿಳಿದು ನಗದು ಮಾತ್ರ ಎಂಬ ಚೀಟಿ ಮೇಲೇರಿತು. ಕೊನೆಗೆ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಗೆ ಬರಲಿ, ಹಳೆಯ ಬಾಕಿಗೆ ಒತ್ತಾಯವಿಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಮಿತಿ ಮೀರಿದವರು ತೆರಿಗೆ ಕೊಡಲೇಬೇಕು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರನ್ನೂ ಒಂದೇ ಜರಡಿಯಲ್ಲಿ ಹಾಕಿದ್ದೇ ತಪ್ಪು. ನೂನಿಜ್ ಬರೆದ ಒಂಬತ್ತು ವರ್ಷದ ನೀತಿಯೂ ತೆರಿಗೆ ಬೇಡವೆನ್ನಲಿಲ್ಲ, ತೆರಿಗೆಗೆ ಕಾಲ ಕೂಡಿಬರಬೇಕೆಂದಿತು.

ಹೊಸಪೇಟೆ 2021ರಿಂದ ಜಿಲ್ಲಾ ಕೇಂದ್ರ. ಜಿಲ್ಲಾ ಕೇಂದ್ರವಾದ ಊರಿನಲ್ಲಿ ರಸ್ತೆ ಅಗಲೀಕರಣ, ಹೊಸ ಕಚೇರಿ, ಹೊಸ ಲೇಔಟ್ ಬರುವುದು ಸಹಜ, ಬರಲೂ ಬೇಕು. ಆ ನಕ್ಷೆಗಳಲ್ಲಿ ಚಿತ್ತವಾಡ್ಗಿಯಂಥ ಪ್ರತಿ ಬಡಾವಣೆಗೂ ಸಂತೆಯ ಜಾಗ, ಬಂಡಿಗಳ ಸಾಲು, ನೀರಿನ ನಲ್ಲಿ, ನಾಲ್ಕು ನೆರಳಿನ ಮರ ಇಷ್ಟನ್ನು ಮೊದಲೇ ಗುರುತಿಸಿಡಬೇಕು. ಮುಂದಿನ ತೆರವಿನ ನೋಟಿಸ್ ಹೊರಡುವ ಮೊದಲು ಈ ಕೆಲಸ ಆಗಬೇಕು.