ದುರಸ್ತಿಯ ಲೆಕ್ಕ: ಸಾಮಾನು, ಕೂಲಿ ಮತ್ತು ಮಾರಾಟ ತೆರಿಗೆ

ಮನೆ ಕಟ್ಟುವ ಕಸುಬುಗಳನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳಲ್ಲಿ ಗುದ್ದಲಿಪೂಜೆ, ಬಾಗಿಲು ನಿಲ್ಲಿಸುವ ಶಾಸ್ತ್ರ, ಕಸುಬಿನ ಹಾಡು ಇವೆಲ್ಲ ಸಾಕಷ್ಟು ದಾಖಲಾಗಿವೆ. ದುರಸ್ತಿಯ ಲೆಕ್ಕದ ಕಡೆಗೆ ಮಾತ್ರ ನಾವು ಗಮನ ಹರಿಸಿದ್ದು ಕಡಿಮೆ. ಸೋರುವ ಮಾಡನ್ನು ಸರಿಪಡಿಸಿದವನು ಕೆಲಸ ಮಾಡಿದನೋ ಅಥವಾ ಹೆಂಚು ಮಾರಿದನೋ? ಮೇಲ್ನೋಟಕ್ಕೆ ಬಾಲಿಶವೆನಿಸುವ ಈ ಪ್ರಶ್ನೆಯ ಸುತ್ತ ಸ್ವತಂತ್ರ ಭಾರತದ ಮಾರಾಟ ತೆರಿಗೆಯ ಒಂದು ಮುಖ್ಯ ಅಧ್ಯಾಯ ರೂಪುಗೊಂಡಿದೆ.

ಆಯಗಾರ ಪದ್ಧತಿಯಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಮರ ಮನೆಯವರದು, ಕೈ ಬಡಗಿಯದು. ಬಡಗಿ, ಕಮ್ಮಾರರಿಗೆ ಸಲ್ಲುವ ಆಯವನ್ನು ಸುಗ್ಗಿಯಲ್ಲಿ ಕಣದಲ್ಲಿಯೇ ಅಳೆದು ಕೊಡಲಾಗುತ್ತಿತ್ತು. ಬಯಲುಸೀಮೆಯ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುನ್ನ ಹರಡುತ್ತಿದ್ದ ಕರಲು ಮಣ್ಣಿಗೆ ಬೆಲೆಯೇ ಇರಲಿಲ್ಲ. ಮಲೆನಾಡಿನ ಹುಲ್ಲಿನ ಹೊದಿಕೆಗೆ ಮುಯ್ಯಾಳುಗಳ ನೆರವು ಒದಗುತ್ತಿತ್ತು. ಸಾಮಾನಿನ ಒಡೆತನ ಕೆಲಸಗಾರನ ಮೂಲಕ ಹಾದುಹೋಗದಿದ್ದ ಕಾರಣ ಅಲ್ಲಿ ಮಾರಾಟವೆಂಬುದು ಘಟಿಸುತ್ತಲೇ ಇರಲಿಲ್ಲ. ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಸಲ್ಲದು, ಏಕೆಂದರೆ ಜಾತಿಯ ಕಟ್ಟುಪಾಡಿನಲ್ಲಿ ಕೂಲಿಯ ಬೆಲೆಯನ್ನು ಕೇಳುವ ಹಕ್ಕು ಕೈಕೆಲಸದವನಿಗೆ ಇರಲಿಲ್ಲ.

ಕಾರ್ಖಾನೆಯ ಹೆಂಚು, ಸಿಮೆಂಟು, ಬಣ್ಣಗಳು ಪೇಟೆಯಿಂದ ಬರತೊಡಗಿದ ಮೇಲೆ ಕೆಲಸಗಾರನೇ ಸಾಮಾನು ತರುವ ರೂಢಿ ಬೆಳೆಯಿತು. ಇಂದಿಗೂ ಗಾರೆ ಕೆಲಸದ ಮೇಸ್ತ್ರಿಗಳು ‘ಕೂಲಿ ಗುತ್ತಿಗೆಯೋ, ಸಾಮಾನು ಸಮೇತವೋ’ ಎಂದು ಮೊದಲೇ ಕೇಳುತ್ತಾರೆ. ಕಾನೂನು ಬಹುಕಾಲ ತಡವರಿಸಿದ್ದು ಈ ಭೇದದ ವಿಷಯದಲ್ಲಿಯೇ.

ಸಾಮಾನ್ಯ ಮಾರಾಟ ತೆರಿಗೆಯನ್ನು ಭಾರತದಲ್ಲಿ ಮೊದಲು ಜಾರಿಗೆ ತಂದದ್ದು ಮದರಾಸು ಪ್ರಾಂತ. ಪಾನನಿರೋಧದಿಂದ ತಗ್ಗಿದ ವರಮಾನವನ್ನು ತುಂಬಿಕೊಳ್ಳಲು ರಾಜಾಜಿಯವರ ಸರ್ಕಾರ 1939ರಲ್ಲಿ ಆ ಕಾಯಿದೆಯನ್ನು ತಂದಿತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಅಂದು ಆ ಪ್ರಾಂತದಲ್ಲಿದ್ದುದರಿಂದ ಕನ್ನಡಿಗರಲ್ಲಿ ಈ ತೆರಿಗೆಯನ್ನು ಮೊದಲು ಕಂಡವರು ಅಲ್ಲಿನವರು. 1947ರಲ್ಲಿ ಮದರಾಸು ಕಾಯಿದೆಗೆ ತಿದ್ದುಪಡಿಯಾಗಿ ಕಾಮಗಾರಿ ಗುತ್ತಿಗೆಯಲ್ಲಿ ಬಳಸಿದ ಸಾಮಾನೂ ತೆರಿಗೆಗೆ ಒಳಪಟ್ಟಿತು. ಗ್ಯಾನನ್ ಡಂಕರ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಇದನ್ನು ತಳ್ಳಿಹಾಕಿತು: ಕಟ್ಟಡದ ಗುತ್ತಿಗೆ ಅವಿಭಾಜ್ಯವಾದುದು, ಅದರೊಳಗೆ ಇಟ್ಟಿಗೆ, ಮರಗಳ ಪ್ರತ್ಯೇಕ ಮಾರಾಟವಿಲ್ಲ. ಗೋಡೆಗೆ ಸೇರಿದ ಇಟ್ಟಿಗೆ ಗೋಡೆಯೇ ಹೊರತು ಸರಕಲ್ಲ ಎಂಬ ನಿಲುವು ನಮ್ಮ ಹಳ್ಳಿಗರಿಗೂ ಒಪ್ಪಿಗೆಯಾಗುವಂಥದೇ.

ರಾಜ್ಯಗಳ ವರಮಾನಕ್ಕೆ ಬಿದ್ದ ಈ ಪೆಟ್ಟನ್ನು ಸರಿಪಡಿಸಲು ಸಂವಿಧಾನವೇ ತಿದ್ದುಪಡಿಯಾಗಬೇಕಾಯಿತು. 1982ರ 46ನೆಯ ತಿದ್ದುಪಡಿಯು 366ನೆಯ ವಿಧಿಗೆ (29ಎ) ಖಂಡವನ್ನು ಸೇರಿಸಿ, ಗುತ್ತಿಗೆಯ ಕೆಲಸದಲ್ಲಿ ಕೈಬದಲಾಗುವ ಸಾಮಾನನ್ನು ಮಾರಾಟವೆಂದು ಭಾವಿಸಲು ಅವಕಾಶ ಕೊಟ್ಟಿತು. ಕರ್ನಾಟಕ ಮಾರಾಟ ತೆರಿಗೆ ಕಾಯಿದೆಗೆ 5-ಬಿ ಪ್ರಕರಣ ಬಂದದ್ದು ಇದರ ಬೆನ್ನಲ್ಲೇ. ಅದೇ ಗ್ಯಾನನ್ ಡಂಕರ್ಲಿ ಹೆಸರಿನ 1992ರ ಇನ್ನೊಂದು ತೀರ್ಪು ಕೂಲಿಯನ್ನು ಕಳೆದು, ಕೆಲಸದಲ್ಲಿ ಸೇರಿದ ಸಾಮಾನಿನ ಬೆಲೆಗೆ ಮಾತ್ರ ತೆರಿಗೆ ಹಾಕತಕ್ಕದ್ದೆಂದು ವಿಧಿಸಿತು. ಕೂಲಿಯ ಲೆಕ್ಕ ಸಿಗದಿದ್ದರೆ ಕೆಲಸದ ಬಗೆಗೆ ತಕ್ಕಂತೆ ಇಂತಿಷ್ಟು ಶೇಕಡ ಕಳೆಯುವ ಕ್ರಮವೂ ನಿಯಮಗಳಲ್ಲಿ ಸೇರಿತು. ಸಾಮಾನು ಬೇರೆ, ಕೈ ಬೇರೆ ಎಂಬ ಹಳೆಯ ತಿಳಿವಳಿಕೆ ಹೀಗೆ ತೆರಿಗೆಯ ಕಡತಕ್ಕೆ ಬಂತು. ಅತ್ತ ಕೂಲಿಯ ಭಾಗಕ್ಕೆ ಕೇಂದ್ರದ ಸೇವಾ ತೆರಿಗೆ ಕಾದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆ ಈ ವಿಭಜನೆಯನ್ನು ಮತ್ತೆ ಅಳಿಸಿತು. ಸ್ಥಿರಾಸ್ತಿಯ ದುರಸ್ತಿಯು ಸಾಮಾನು ಸಮೇತವಾಗಿದ್ದರೆ ಅದು ಕಾಮಗಾರಿ ಗುತ್ತಿಗೆ, ಅಂದರೆ ಇಡಿಯಾಗಿ ಸೇವೆ. ನೋಂದಾಯಿತ ಗುತ್ತಿಗೆದಾರ ಕೂಲಿ ಸೇರಿದ ಪೂರ್ತಿ ಮೊತ್ತಕ್ಕೆ ತೆರಿಗೆ ಹಾಕುತ್ತಾನೆ. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಮೇಸ್ತ್ರಿ ಸಾಮಾನ್ಯವಾಗಿ ನೋಂದಣಿಯಿಂದ ಹೊರಗುಳಿಯುತ್ತಾನೆ. ಆದರೆ ಅವನು ಅಂಗಡಿಯಲ್ಲಿ ಕೊಂಡ ಸಿಮೆಂಟಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೆ ಶೇ. 28, ಆ ಬಳಿಕ ಶೇ. 18 ತೆರಿಗೆ ಸೇರಿಯೇ ಇರುತ್ತದೆ. ಅದನ್ನು ಮರಳಿ ಪಡೆಯುವ ದಾರಿ ಅವನಿಗಿಲ್ಲ. ಮನೆಯವರೊಡನೆ ಚೌಕಾಸಿ ನಡೆಯುವಾಗ ಸಾಮಾನಿನ ಬೆಲೆ ರಸೀದಿಯಲ್ಲಿ ಅಚ್ಚಾಗಿರುತ್ತದೆ. ತಗ್ಗಿಸಲು ಉಳಿಯುವುದು ಅವನ ಕೂಲಿ. ಹಾಡು ಸಂಗ್ರಹಿಸಲು ಹೋದ ನಾವು ಮೇಸ್ತ್ರಿಯ ಜೇಬಿನ ಅಂದಾಜು ಚೀಟಿಗಳನ್ನೂ ಕೇಳಿ ಪಡೆದಿದ್ದರೆ, ಆ ಕೂಲಿ ಯಾವಾಗ, ಎಷ್ಟು ತಗ್ಗಿತೆಂಬುದಕ್ಕೆ ಇಂದು ಆಧಾರವಿರುತ್ತಿತ್ತು.