ಮುಖ್ತ್ಯಾರ್ ಪತ್ರವೂ ಕಾಯಿದೆಗಳ ಪರಿವರ್ತನೆಯೂ

ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲುದಾರಿಯಲ್ಲಿರುವ ತೊಂಡೇಬಾವಿಯು ಗೌರಿಬಿದನೂರು ತಾಲ್ಲೂಕಿನದು. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದ ಈ ಸೀಮೆಯು ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಇಂತಹ ಗ್ರಾಮಗಳ ಜಮೀನುಗಳಿಗೆ ಸಂಬಂಧಿಸಿದ ಕಾಯಿದೆಗಳು ಹಲವು ಬಾರಿ ಮಾರ್ಪಟ್ಟಿವೆ. ಹಳೆಯ ಕಾಯಿದೆಯ ಕಾಲದಲ್ಲಿ ಬರೆದುಕೊಟ್ಟ ಮುಖ್ತ್ಯಾರ್ ಪತ್ರವು ಹೊಸದು ಬಂದೊಡನೆ ಏನಾಗುವುದೆಂಬುದು ವಿಚಾರಾರ್ಹವಾದ ವಿಷಯ.

ಒಬ್ಬನಿಗಾಗಿ ಮತ್ತೊಬ್ಬನು ವ್ಯವಹರಿಸುವುದು ಧರ್ಮಶಾಸ್ತ್ರಕ್ಕೆ ಅಪರಿಚಿತವಲ್ಲ. ನಿಯುಕ್ತನು ವಾದಿಸಿದರೂ ಜಯಾಪಜಯಗಳು ನಿಯೋಜಿಸಿದವನವೇ ಎಂಬುದು ನಾರದನ ಮತ. 1872ರ ಕರಾರು ಕಾಯಿದೆಯಲ್ಲಿಯೂ ಮುಖ್ತ್ಯಾರನ ಅಧಿಕಾರವು ಎರವಲಿನದೇ; ಕೊಟ್ಟವನು ಮೃತನಾದರೆ ಅದೂ ಮುಗಿಯುವುದು. ಮುಖ್ತ್ಯಾರನಿಗೆ ಆ ಸ್ವತ್ತಿನಲ್ಲಿಯೇ ಹಿತಸಂಬಂಧವಿದ್ದರೆ ಮಾತ್ರ 202ನೆಯ ಕಲಮು ಬೇರೆ ವಿಧಿಯನ್ನು ಹೇಳುತ್ತದೆ.

ಕಾಯಿದೆಯೊಂದು ರದ್ದಾದ ಮಾತ್ರಕ್ಕೆ ಅದರಂತೆ ಹಿಂದೆ ನಡೆದುದು ಅಳಿಯುವುದಿಲ್ಲವೆಂಬುದು 1897ರ ಜನರಲ್ ಕ್ಲಾಸಸ್ ಕಾಯಿದೆಯ ಸಾಮಾನ್ಯ ನಿಯಮ. ತೊಡಕು ಹುಟ್ಟಿದುದು ಬೇರೆಡೆಯಲ್ಲಿ. 1974ರ ಮಾರ್ಚಿ 1ರಿಂದ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳು ಬೇಸಾಯಗಾರರಲ್ಲದವರಿಗೂ ಇತರ ವರಮಾನ ಹೆಚ್ಚಾಗಿದ್ದವರಿಗೂ ಸಾಗುವಳಿ ಜಮೀನನ್ನು ಕೊಳ್ಳಲು ಅಡ್ಡಿಯಾದುವು. ಕ್ರಯಪತ್ರ ಸಾಧ್ಯವಿಲ್ಲದೆಡೆಯಲ್ಲಿ ಹಣ ಕೊಟ್ಟು ಕರಾರನ್ನೂ ಮುಖ್ತ್ಯಾರ್ ಪತ್ರವನ್ನೂ ಬರೆಸಿಕೊಳ್ಳುವ ರೂಢಿ ಕರ್ನಾಟಕದಲ್ಲಿ ಬೆಳೆಯಿತು. ಎರವಲಿನ ಅಧಿಕಾರವನ್ನು ಜನರು ಒಡೆತನವೆಂದೇ ಎಣಿಸಿದರು.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಎಣಿಕೆಯನ್ನು ತಿದ್ದಿತು. ನೋಂದಾಯಿತ ಕ್ರಯಪತ್ರದಿಂದಲ್ಲದೆ ಮುಖ್ತ್ಯಾರ್ ಪತ್ರದಿಂದ ಒಡೆತನವು ಬಾರದು. ಇದು ಹೊಸ ಕಾಯಿದೆಯಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಅರ್ಥವೇ. ಆದರೂ ಇಂತಹ ಪತ್ರಗಳ ಆಧಾರದಿಂದ ಅದುವರೆಗೆ ಆಗಿದ್ದ ಖಾತೆ ಬದಲಾವಣೆಗಳನ್ನು ಈ ತೀರ್ಪಿನ ಕಾರಣದಿಂದಲೇ ಕೆಡಿಸಬೇಕಾಗಿಲ್ಲವೆಂದು ನ್ಯಾಯಾಲಯವು ಹೇಳಿತು. ಮಗನಿಗೋ ಸೋದರನಿಗೋ ಸ್ವತ್ತನ್ನು ನೋಡಿಕೊಳ್ಳಲು ಕೊಟ್ಟ ಪ್ರಾಮಾಣಿಕ ಪತ್ರಗಳಿಗೂ ಬಾಧೆಯಿಲ್ಲ.

2020ರ ತಿದ್ದುಪಡಿಯು ಆ ಕಲಮುಗಳನ್ನು 1974ರಿಂದಲೇ ಇಲ್ಲದಂತೆ ಮಾಡಿತು. ಅಡ್ಡಿ ಹೋದುದರಿಂದ ಹಳೆಯ ಮುಖ್ತ್ಯಾರ್ ಪತ್ರವು ತಾನಾಗಿ ಕ್ರಯಪತ್ರವಾಯಿತೆಂದು ತಿಳಿಯುವುದು ಭ್ರಾಂತಿ. ನಿಷೇಧವು ಹೋಯಿತು, ಪತ್ರದ ಸ್ವರೂಪವು ಹೋಗಲಿಲ್ಲ. ಜಮೀನಿನ ಒಡೆಯನು ಬದುಕಿದ್ದರೆ ಅವನಿಂದ, ಇಲ್ಲವಾದರೆ ಅವನ ವಾರಸುದಾರರಿಂದ ಕ್ರಯಪತ್ರವನ್ನು ಪಡೆಯಬೇಕು. ಅವರು ಒಪ್ಪದಿದ್ದರೆ ಕರಾರಿನ ಮೇಲೆ ದಾವೆ ಹೂಡಬೇಕು; ಅದಕ್ಕೆ 1963ರ ಕಾಲಮಿತಿ ಕಾಯಿದೆಯು ಕೊಟ್ಟಿರುವ ಅವಧಿ 3 ವರ್ಷ, ಕರಾರಿನಲ್ಲಿ ದಿನ ಗೊತ್ತಾಗಿದ್ದರೆ ಆ ದಿನದಿಂದ, ಇಲ್ಲವಾದರೆ ನಿರಾಕರಣೆಯು ತಿಳಿದಂದಿನಿಂದ.